ಅಣ್ಣನಿಗೆ ಕರುಳಿನ ಕ್ಯಾನ್ಸರ್ ಬಂದಿದೆ. ತೊಂದರೆಯಿಲ್ಲದ ನನಗೂ ಪರೀಕ್ಷೆ ಬೇಕೆ?

ಹಾಸನದವರಾದ ನೀವು ಕೇಳಿರುವುದು ಇಷ್ಟು: ನಿಮ್ಮ ಒಡಹುಟ್ಟಿದ ಅಣ್ಣನಿಗೆ 48ನೆಯ ವಯಸ್ಸಿನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಪತ್ತೆಯಾಗಿದೆ, ನಿಮಗೀಗ 41, ಯಾವ ತೊಂದರೆಯೂ ಇಲ್ಲ, ಮಲಪರೀಕ್ಷೆ ಮಾಡಿಸಿಕೊಂಡರೆ ಸಾಕೆ? ನಾನು ವೈದ್ಯನಲ್ಲ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ತಂದೆಯವರಿಗೆ ಇದೇ ಕಾಯಿಲೆ ಬಂದದ್ದರಿಂದ ನಾನೂ ಪರೀಕ್ಷೆ ಮಾಡಿಸಿಕೊಂಡವನು. ನನ್ನ ತಿಳಿವಳಿಕೆಯಂತೆ ನಿಮಗೆ ಮಲಪರೀಕ್ಷೆ ಸಾಲದು. ಕೊಲೊನೋಸ್ಕೋಪಿಯೇ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಹಾಯಿಸಿ ದೊಡ್ಡಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆಯೇ ಬೇಕು, ಮತ್ತು ಅದರ ಕಾಲ ಈಗಾಗಲೇ ಬಂದಿದೆ.

ಈ ಕ್ಯಾನ್ಸರ್ ಬಹುಮಟ್ಟಿಗೆ ಕರುಳಿನ ಒಳಪದರದಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ. ಎಲ್ಲ ಪಾಲಿಪ್‌ಗಳೂ ಕೆಡುವುದಿಲ್ಲ. ಕೆಡುವಂಥವು ಸಾಮಾನ್ಯವಾಗಿ ಸುಮಾರು 10 ವರ್ಷ ತೆಗೆದುಕೊಳ್ಳುತ್ತವೆ. ಆ ಅವಧಿಯಲ್ಲಿ ನೋವಿಲ್ಲ, ಬೇರೆ ಸೂಚನೆಯೂ ಇಲ್ಲದಿರಬಹುದು. ಮಲಪರೀಕ್ಷೆಯು ಕಣ್ಣಿಗೆ ಕಾಣದ ರಕ್ತವನ್ನಷ್ಟೇ ಹುಡುಕುತ್ತದೆ, ಆದರೆ ಪಾಲಿಪ್‌ಗಳು ಹಲವೊಮ್ಮೆ ರಕ್ತ ಸುರಿಸುವುದೇ ಇಲ್ಲ. ಕೊಲೊನೋಸ್ಕೋಪಿಯಲ್ಲಾದರೋ ಪಾಲಿಪ್ ಕಂಡಾಗ ಸಾಮಾನ್ಯವಾಗಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ನನಗೆ ಎರಡನ್ನು ಹಾಗೆ ತೆಗೆದರು.

ಮನೆತನದಲ್ಲಿ ಕಾಯಿಲೆಯಿಲ್ಲದವರಿಗೆ ಅಮೆರಿಕದ ಮಾರ್ಗಸೂಚಿಯು ಪರೀಕ್ಷೆಯ ಆರಂಭವನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿತು. ಅಂಥವರಿಗೆ ವರ್ಷಕ್ಕೊಂದು ಮಲಪರೀಕ್ಷೆಯೂ ಒಪ್ಪಿತವಾದ ದಾರಿಯೇ. ಆದರೆ ಹೆತ್ತವರಲ್ಲೋ ಒಡಹುಟ್ಟಿದವರಲ್ಲೋ ಒಬ್ಬರಿಗೆ 60 ತುಂಬುವ ಮೊದಲೇ ಬಂದಿದ್ದರೆ, 40ನೆಯ ವಯಸ್ಸು ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಆರಂಭಿಸಿ 5 ವರ್ಷಕ್ಕೊಮ್ಮೆ ಮಾಡಿಸಬೇಕೆನ್ನುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು 38. ನಮ್ಮಲ್ಲಿ ಸರ್ಕಾರದ ತಪಾಸಣಾ ಕಾರ್ಯಕ್ರಮವು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳಿಗೆ ರೂಪಿತವಾದದ್ದು. ಕರುಳಿನ ವಿಷಯವನ್ನು ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ತಂದೆಯವರ ಸಂಗತಿಯನ್ನು ಹೇಳದಿರಲಾರೆ. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ಎಲ್ಲರೂ ನಂಬಿದೆವು, ಎಂಟು ತಿಂಗಳು ಅದಕ್ಕೇ ಔಷಧ ನಡೆಯಿತು. ಅವರಿಗೆ ಮೂಲವ್ಯಾಧಿ ನಿಜವಾಗಿಯೂ ಇತ್ತು, ಆದ್ದರಿಂದಲೇ ಅದಕ್ಕಿಂತ ಮೇಲೆ ಕರುಳಿನಲ್ಲಿದ್ದ ಗಡ್ಡೆಯನ್ನು ಯಾರೂ ಹುಡುಕಲಿಲ್ಲ. ಹಿಮೋಗ್ಲೋಬಿನ್ ಕಾರಣವಿಲ್ಲದೆ ಇಳಿದಾಗಲಾದರೂ ನಾವು ಎಚ್ಚರಗೊಳ್ಳಬೇಕಿತ್ತು.

ಪರೀಕ್ಷೆಗಿಂತ ಅದರ ಸಿದ್ಧತೆಯೇ ಕಷ್ಟ. ಎರಡು ಮೂರು ದಿನ ಮೊದಲಿನಿಂದ ರಾಗಿ ಮುದ್ದೆ, ಸೊಪ್ಪು, ಹುರುಳಿಕಾಳುಗಳನ್ನು ಬಿಟ್ಟು ಬಿಳಿ ಅನ್ನದಂಥ ನಾರಿಲ್ಲದ ಆಹಾರವನ್ನು ತೆಗೆದುಕೊಂಡೆ. ಹಿಂದಿನ ದಿನ ಎಳನೀರು, ಸೋಸಿದ ತಿಳಿಸಾರು ಮತ್ತು ಹಾಲಿಲ್ಲದ ಕಾಫಿ ಮಾತ್ರ. ನಮ್ಮೂರಿನವನಿಗೆ ಹಾಲಿಲ್ಲದ ಕಾಫಿಯೇ ದೊಡ್ಡ ಶಿಕ್ಷೆ. ಭೇದಿಯ ದ್ರಾವಣವನ್ನು ಅರ್ಧಕ್ಕೇ ನಿಲ್ಲಿಸಬೇಡಿ, ಕರುಳು ಶುದ್ಧವಾಗದಿದ್ದರೆ ಸಣ್ಣ ಪಾಲಿಪ್ ಕಾಣದೆ ಉಳಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಸಕ್ಕರೆ ಕಾಯಿಲೆಯ ಔಷಧವಿದ್ದರೆ ಮೊದಲೇ ತಿಳಿಸಿ. ಮಂಪರು ಕೊಡುವುದರಿಂದ ಆ ದಿನ ವಾಹನ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು.

ಹೋಗುವಾಗ ಅಣ್ಣನವರ ಬಯಾಪ್ಸಿ ವರದಿಯ ಪ್ರತಿಯನ್ನು ತೆಗೆದುಕೊಂಡು ಹೋಗಿ, ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷಕ್ಕಾಗಿ ಗಡ್ಡೆಯ ಪರೀಕ್ಷೆ ನಡೆದಿದೆಯೇ ಎಂದು ಕೇಳಿ. ಅದಿದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗಿ, ಪರೀಕ್ಷೆಯನ್ನು ಒಂದೆರಡು ವರ್ಷಕ್ಕೊಮ್ಮೆ ಮಾಡಿಸಬೇಕಾಗುತ್ತದೆ, ಅಣ್ಣನ ಮಕ್ಕಳೂ ಇಪ್ಪತ್ತರ ಹರೆಯದಲ್ಲೇ ಆರಂಭಿಸಬೇಕಾಗಬಹುದು.