ಬಯಲುಸೀಮೆಯವರ ಕಡಲ ಪ್ರಶ್ನೆಗಳು: ಹಾಯಿದೋಣಿ, ಸ್ನಾರ್ಕೆಲ್, ಹವಳ

ಪ್ರಶ್ನೆ: ಜನವರಿಯಲ್ಲಿ ಮನೆಮಂದಿಯೆಲ್ಲ ಅಂಡಮಾನಿಗೆ ಹೊರಟಿದ್ದೇವೆ. ಒಂದು ದಿನ ಹಾಯಿದೋಣಿಯಲ್ಲಿ ದ್ವೀಪ ಸುತ್ತಿ ಸ್ನಾರ್ಕೆಲಿಂಗ್ (ಕಣ್ಣು-ಮೂಗು ಮುಚ್ಚುವ ಗಾಜಿನ ಮಾಸ್ಕ್ ತೊಟ್ಟು, ‘ಸ್ನಾರ್ಕೆಲ್’ ಎಂಬ ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ಬೋರಲು ತೇಲುವುದು) ಮಾಡುವ ಆಸೆ. ಯಾರಿಗೂ ಈಜು ಸರಿಯಾಗಿ ಬಾರದು. ಲೈಫ್ ಜಾಕೆಟ್ ಇದ್ದರೆ ಸಾಕೆ? ಊರಲ್ಲೇ ಏನಾದರೂ ಅಭ್ಯಾಸ ಮಾಡಬಹುದೆ?
— ಓದುಗರು, ಸಿಂಧನೂರು

ಉತ್ತರ: ಜಾಕೆಟ್ ನಿಮ್ಮನ್ನು ತೇಲಿಸುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಲೀಟರಿಗೆ ಸುಮಾರು 25 ಗ್ರಾಂ ಹೆಚ್ಚು ತೂಗುವುದರಿಂದ ಕೆರೆ, ಬಾವಿಗಿಂತ ಅಲ್ಲಿ ತೇಲುವುದು ಸಲೀಸು ಕೂಡ. ಮೊದಲ ಸಲ ಇಳಿದವರು ಕಂಗೆಡುವುದು ಉಸಿರಿನಿಂದ. ಮುಖ ನೀರಿನಲ್ಲಿ ಮುಳುಗಿದ್ದಾಗ ಬಾಯಿಂದ ಗಾಳಿ ಎಳೆಯಲು ಮೈ ಸುಲಭಕ್ಕೆ ಒಪ್ಪುವುದಿಲ್ಲ. ಏದುಸಿರು ಶುರುವಾಗುತ್ತದೆ, ಮಾಸ್ಕ್ ಕಿತ್ತುಹಾಕುತ್ತಾರೆ, ಕಾಲು ಬಡಿದು ಹವಳದ ಮೇಲೆ ನಿಲ್ಲುತ್ತಾರೆ.

ಏದುಸಿರು ಯಾಕೆ ಅಪಾಯ ಎಂಬ ಲೆಕ್ಕ ಗೊತ್ತಿದ್ದರೆ ನೀರಲ್ಲಿ ನೆನಪಿಗೆ ಬರುತ್ತದೆ. 40 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕೊಳವೆಯಲ್ಲಿ ಸುಮಾರು 125 ಮಿ.ಲೀ. ಗಾಳಿ ನಿಂತಿರುತ್ತದೆ. ನಮ್ಮ ಗಂಟಲು, ಶ್ವಾಸನಾಳಗಳಲ್ಲಿ ಇನ್ನೊಂದು 150 ಮಿ.ಲೀ. ಎರಡೂ ಸೇರಿ 275 ಮಿ.ಲೀ. ಹಳೆಯ ಗಾಳಿ, ಅಂದರೆ ನೀವೇ ಈಗಷ್ಟೇ ಬಿಟ್ಟದ್ದು. ಸಾಮಾನ್ಯ ಉಸಿರು 500 ಮಿ.ಲೀ. ಇದ್ದರೆ 225ರಷ್ಟು ಹೊಸ ಗಾಳಿ ಪುಪ್ಪುಸಕ್ಕೆ ತಲುಪುತ್ತದೆ. ಗಾಬರಿಯಲ್ಲಿ 250ರಂತೆ ತುಂಡು ತುಂಡಾಗಿ ಎಳೆದರೆ ಹೆಚ್ಚುಕಡಿಮೆ ಏನೂ ತಲುಪದು. ತಲೆ ಭಾರವಾಗುತ್ತದೆ, ಗಾಬರಿ ಇನ್ನೂ ಏರುತ್ತದೆ. ಆದ್ದರಿಂದ ನಾಲ್ಕು ಎಣಿಸುತ್ತ ಎಳೆಯಿರಿ, ಆರು ಎಣಿಸುತ್ತ ಬಿಡಿ. ಉದ್ದದ ಕೊಳವೆ ಒಳ್ಳೆಯದೆಂದು ಪೈಪ್ ಜೋಡಿಸುವುದು ಇದೇ ಕಾರಣಕ್ಕೆ ತಪ್ಪು.

ಅಭ್ಯಾಸ ಮನೆಯಲ್ಲೇ ಶುರುವಾಗಲಿ. ಅಗಲವಾದ ಟಬ್ಬಿಗೆ ನೀರು ತುಂಬಿ, ಮಾಸ್ಕ್, ಸ್ನಾರ್ಕೆಲ್ ಹಾಕಿ, ಮುಖವಿಟ್ಟು ದಿನಕ್ಕೆ ಐದು ನಿಮಿಷ ಉಸಿರಾಡಿ, ಪಕ್ಕದಲ್ಲಿ ಇನ್ನೊಬ್ಬರಿರಲಿ. ನಾಲ್ಕೈದು ದಿನದಲ್ಲಿ ಎದೆಬಡಿತ ಇಳಿಯುವುದು ನಿಮಗೇ ತಿಳಿಯುತ್ತದೆ. ಆಮೇಲೆ ಕಾವಲಿರುವ ಈಜುಕೊಳದಲ್ಲಿ, ಸೊಂಟದ ಆಳದಲ್ಲಿ, ಎರಡು ಕೆಲಸ ಕಲಿಯಿರಿ. ಕೊಳವೆಗೆ ನೀರು ಹೊಕ್ಕರೆ ‘ಥೂ’ ಎಂದು ಒಂದೇ ಬಿರುಸಿನಲ್ಲಿ ಊದಬೇಕು. ಅದಕ್ಕಾಗಿ ಎದೆಯಲ್ಲಿ ಯಾವಾಗಲೂ ಅರ್ಧ ಉಸಿರು ಉಳಿಸಿಕೊಳ್ಳಿ. ಮಾಸ್ಕಿಗೆ ನೀರು ಹೊಕ್ಕರೆ ಮೇಲಂಚನ್ನು ಹಣೆಗೆ ಒತ್ತಿ, ಮುಖ ತುಸು ಮೇಲೆತ್ತಿ, ಮೂಗಿನಿಂದ ಊದಿದರೆ ನೀರು ಕೆಳಗಿನಿಂದ ಹೊರಬೀಳುತ್ತದೆ.

ತುಂಗಭದ್ರೆಯಲ್ಲಿ, ಕೃಷ್ಣೆಯಲ್ಲಿ ಈ ಅಭ್ಯಾಸ ದಯವಿಟ್ಟು ಬೇಡ. ಎರಡರಲ್ಲೂ ಮೊಸಳೆಗಳಿವೆ, ಬಂಡೆಗಳ ನಡುವೆ ಸುಳಿಗಳೂ ಇವೆ. ಎಡದಂಡೆ ಕಾಲುವೆ ಅದಕ್ಕಿಂತ ಕಡೆ: ಕಾಂಕ್ರೀಟ್ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ಬಿದ್ದವರಿಗೆ ಹಿಡಿದು ಹತ್ತಲು ಏನೂ ಸಿಗದು.

ಜಾಕೆಟ್ ತೊಟ್ಟು ಬಕಲ್ ಬಿಗಿದ ಮೇಲೆ ಬೇರೆಯವರಿಂದ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಅದು ಗದ್ದ ದಾಟಿ ಬಂದರೆ ದೊಡ್ಡದಾಯಿತು. ನೀರಲ್ಲಿ ಅದೇ ಬಾಯಿ ಮುಚ್ಚುತ್ತದೆ. ನೀರಿಗಿಳಿದಾಗ ಮೊದಲು ಸೆಳವಿಗೆ ಎದುರಾಗಿ ಹೋಗಿ, ದಣಿದಾಗ ಸೆಳವೇ ದೋಣಿಯತ್ತ ತರುತ್ತದೆ. ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಆಸ್ತಮಾ ಇರುವ ಹಿರಿಯರು ಟಿಕೆಟ್ ಮಾಡಿಸುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ಪ್ರಶ್ನೆ: ಹೋದ ವರ್ಷ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕೆಲಿಂಗ್‌ಗೆ ಹೋಗಿದ್ದೆ. ಕೊಟ್ಟ ಮಾಸ್ಕಿನೊಳಗೆ ನೀರು ಬರುತ್ತಲೇ ಇತ್ತು, ಗಾಜಿಗೆ ಮಂಜು ಕಟ್ಟಿ ಏನೂ ಕಾಣಲಿಲ್ಲ. ಮೀಸೆಯೇ ಕಾರಣ ಎಂದರು. ಕನ್ನಡಕದ ನಂಬರ್ ಮೈನಸ್ 3.5 ಬೇರೆ.
— ಓದುಗರು, ಬಳ್ಳಾರಿ

ಉತ್ತರ: ಮೀಸೆ ಒಂದು ಕಾರಣ ಹೌದು, ಆದರೆ ಪೂರ್ತಿ ಬೋಳಿಸಬೇಕಿಲ್ಲ. ಮಾಸ್ಕಿನ ಸಿಲಿಕೋನ್ ಅಂಚು ಕೂರುವುದು ಮೂಗಿನ ಕೆಳಗೆ. ಅಲ್ಲಿ ಅರ್ಧ ಸೆಂಟಿಮೀಟರ್ ಪಟ್ಟಿ ಮಾತ್ರ ತೆಗೆದರೆ ಸಾಕು. ತೆಗೆಯಲು ಮನಸ್ಸಿಲ್ಲದಿದ್ದರೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಹೆಚ್ಚಿನವರು ಮಾಡುವ ಇನ್ನೊಂದು ತಪ್ಪೆಂದರೆ ನೀರು ಬಂತೆಂದು ಪಟ್ಟಿ ಬಿಗಿಯುವುದು. ಬಿಗಿದಷ್ಟೂ ಅಂಚು ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಗಾಳಿ ಎಳೆಯಿರಿ. ಕೈ ಬಿಟ್ಟರೂ ಬೀಳದೆ ನಿಂತರೆ ಅದು ನಿಮ್ಮ ಮುಖದ ಅಳತೆಯದು. ಹಣೆಗೂದಲು ಒಳಗೆ ಸಿಕ್ಕದಂತೆ ನೋಡಿಕೊಳ್ಳಿ.

ಹೊಸ ಮಾಸ್ಕಿನ ಗಾಜಿನೊಳಗೆ ತಯಾರಿಕೆಯ ಸಿಲಿಕೋನ್ ಪೊರೆ ಉಳಿದಿರುತ್ತದೆ, ಮಂಜು ಹಿಡಿಯುವುದು ಅದಕ್ಕೇ. ಬಿಳಿ ಟೂತ್‌ಪೇಸ್ಟ್ (ಜೆಲ್ ಆಗದು) ಬೆರಳಲ್ಲಿ ತಿಕ್ಕಿ ತೊಳೆಯುವುದನ್ನು ಮೂರ್ನಾಲ್ಕು ಸಲ ಮಾಡಿ. ನೀರಿಗಿಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ, ಕಡಲ ನೀರಲ್ಲಿ ಒಮ್ಮೆ ಅಲುಬಿದರೆ ಸಾಕು. ಮೂಗಿನಿಂದ ಉಸಿರು ಬಿಡುತ್ತಿದ್ದರೆ ಮಾತ್ರ ಏನು ಹಚ್ಚಿದರೂ ಮಂಜು ಕಟ್ಟುತ್ತದೆ.

ನಂಬರ್ ಇರುವ ಗಾಜಿನ ಮಾಸ್ಕ್‌ಗಳು 0.5ರ ಅಂತರದಲ್ಲಿ ಸಿದ್ಧ ಸಿಗುತ್ತವೆ. ನೀರಿನಲ್ಲಿ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ಮೈನಸ್ 3 ಕೂಡ ನಿಮಗೆ ನಡೆಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಇಳಿಯಬೇಡಿ, ನೀರಿನ ಅಮೀಬಾದಿಂದ ಕಣ್ಣಿಗೆ ಗಂಭೀರ ಸೋಂಕು ತಗಲಬಹುದು. ಇನ್ನೊಂದು ಮಾತು: ಮುಖ ಪೂರ್ತಿ ಮುಚ್ಚುವ ಅಗ್ಗದ ಮಾಸ್ಕ್ ಬೇಡ. ಬಿಟ್ಟ ಗಾಳಿ ಒಳಗೇ ಸುತ್ತಬಹುದು, ಅವಸರದಲ್ಲಿ ಕಳಚುವುದೂ ಕಷ್ಟ.

ಪ್ರಶ್ನೆ: ಬಸ್ಸಿನಲ್ಲೇ ನನಗೆ ವಾಂತಿಯಾಗುತ್ತದೆ. ದಿನವಿಡೀ ಹಾಯಿದೋಣಿ ಸಾಧ್ಯವೆ?
— ಓದುಗರು, ಕೊಪ್ಪಳ

ಉತ್ತರ: ಸಾಧ್ಯ, ತಯಾರಿ ಬೇಕು. ಒಳಕಿವಿ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ದೋಣಿಯೊಳಗೆ ನೆಟ್ಟ ಕಣ್ಣು ‘ಇಲ್ಲ’ ಎನ್ನುತ್ತದೆ; ಆ ತಿಕ್ಕಾಟವೇ ಹೊಟ್ಟೆ ತೊಳಸುವುದು. ದೋಣಿಯ ನಡುಭಾಗ ಕಡಿಮೆ ಕುಲುಕುವುದರಿಂದ ಅಲ್ಲಿ ಕೂತು ದಿಗಂತ ನೋಡಿ. ಮೊಬೈಲ್ ಚೀಲದಲ್ಲಿರಲಿ. ಬೆಳಿಗ್ಗೆ ವಗ್ಗಾಣಿ-ಮಿರ್ಚಿ ಬೇಡ, ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಮಾತ್ರೆಯನ್ನು ವೈದ್ಯರು ಹೇಳಿದಂತೆ ಹೊರಡುವ ಮುಂಚೆಯೇ ನುಂಗಬೇಕು, ವಾಂತಿ ಶುರುವಾದ ಮೇಲೆ ಉಪಯೋಗವಿಲ್ಲ. ಕೆಲವು ಮಾತ್ರೆ ನಿದ್ದೆ ತರುತ್ತವೆ. ಊರಲ್ಲೇ ಒಂದು ದಿನ ನುಂಗಿ ನೋಡಿ, ಮಂಪರು ಬಂದರೆ ಆ ದಿನ ನೀರಿಗಿಳಿಯಬೇಡಿ. ಎರಡು ಒಡಲಿನ ಕ್ಯಾಟಮರಾನ್ ದೋಣಿ ಕಡಿಮೆ ವಾಲುತ್ತದೆ, ಆಯ್ಕೆ ಇದ್ದರೆ ಅದನ್ನೇ ಕೇಳಿ.

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಅಂಕುಡೊಂಕಾಗಿ ಸಾಗಬೇಕು. ಪ್ರತಿ ತಿರುವಿನಲ್ಲೂ ಹಾಯಿ ಒಂದು ಬದಿಯಿಂದ ಇನ್ನೊಂದಕ್ಕೆ ಹೊರಳುತ್ತದೆ, ಅದರ ಬುಡದ ಅಡ್ಡದಂಡ ‘ಬೂಮ್’ ಜೊತೆಗೇ ಬೀಸುತ್ತದೆ. ಗಾಳಿ ಹಿಂದಿನಿಂದ ಬರುವಾಗ ಈ ಬೀಸು ತಲೆಬುರುಡೆ ಒಡೆಯುವಷ್ಟು ಜೋರು. ನಾವಿಕ ಕೂಗಿದ ಕೂಡಲೇ ತಲೆ ತಗ್ಗಿಸಿ, ಆಮೇಲೆ ಯಾಕೆಂದು ಕೇಳಿ. ವಾಂತಿ ಬಂದರೆ ಗಾಳಿ ಹೋಗುವ ಬದಿಯ ಅಂಚಿಗೆ ಹೋಗಿ, ಒಬ್ಬರು ಹಿಡಿದುಕೊಂಡಿರಲಿ.

ಪ್ರಶ್ನೆ: ನಮ್ಮ ಬೇಸಿಗೆಯಲ್ಲಿ ಪಳಗಿದವರಿಗೂ ಸನ್‌ಸ್ಕ್ರೀನ್ ಬೇಕೆ? ನೆನಪಿಗೆ ಒಂದು ಹವಳದ ತುಂಡು ತರಬಹುದೆ?
— ಓದುಗರು, ರಾಯಚೂರು

ಉತ್ತರ: ರಾಯಚೂರಿನ ಬಿಸಿಲು ಸುಡುವುದು ಗೊತ್ತಾಗುತ್ತದೆ, ನೆರಳಿಗೆ ಸರಿಯುತ್ತೀರಿ. ನೀರಲ್ಲಿ ಮೈ ತಣ್ಣಗಿರುವುದರಿಂದ ಗೊತ್ತೇ ಆಗದು. ಬೋರಲು ತೇಲುವವರಿಗೆ ಕತ್ತಿನ ಹಿಂಭಾಗ, ಮೀನಖಂಡ ಸುಟ್ಟಿರುತ್ತದೆ. ತುಂಬುತೋಳಿನ ಈಜುಡುಪು, ಉದ್ದ ಲೆಗ್ಗಿಂಗ್ಸ್ ಎಲ್ಲಕ್ಕಿಂತ ಉತ್ತಮ. ಉಳಿದ ಕಡೆಗೆ ಜಿಂಕ್ ಆಕ್ಸೈಡ್ ಇರುವ ಕ್ರೀಮು. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವುದನ್ನು ಕೊಳ್ಳಬೇಡಿ. ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟಕ್ಕೆ ನಿಷೇಧವಿದೆ.

ಹವಳ ತರುವಂತಿಲ್ಲ. ದಡಕ್ಕೆ ಬಿದ್ದ ಸತ್ತ ತುಂಡನ್ನೂ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಿಬ್ಬ ಕಟ್ಟುವ ಹವಳಗಳಿಗೆ ಹುಲಿಯಂತೆ ಮೊದಲ ಅನುಸೂಚಿಯ ರಕ್ಷಣೆಯಿದೆ. ಅದು ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳು ಕಟ್ಟಿಕೊಂಡ ಮನೆ. ಗುಂಡುಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಕಾಲಿಗೆ ತೊಡುವ ಈಜುರೆಕ್ಕೆ (ಫಿನ್) ಒಮ್ಮೆ ಬಡಿದು ಮುರಿದ ಗೇಣುದ್ದದ ಹವಳ ಮತ್ತೆ ಅಷ್ಟಾಗಲು ಇಪ್ಪತ್ತು ವರ್ಷ ಹಿಡಿದೀತು. ದಣಿವಾದರೆ ಹವಳದ ಮೇಲೆ ನಿಲ್ಲುವ ಬದಲು ಅಂಗಾತ ಮಲಗಿ ತೇಲಿ, ಕೈ ಬೀಸಿ ದೋಣಿಯವರನ್ನು ಕರೆಯಿರಿ.