ಇಸಿಎಂ ತರೋ ಮೊದಲು ಕಪ್ಲರ್ ಬಿಚ್ಚಿ ನೋಡಿ ಅಣ್ಣ

ಅಣ್ಣ, ನೀವು ಹಾಕಿದ್ದನ್ನು ಎರಡು ಸಲ ಓದಿದೆ. 2018ರ ಡೀಸೆಲ್ ಪಿಕಪ್. ಮಳೆ ಹಿಡಿದ ಮೇಲೆ ಶನಿವಾರಸಂತೆ ದಾರಿಯಲ್ಲಿ ಎರಡು ಸಲ ತಾನಾಗೇ ಆಫ್ ಆಗಿದೆ. ಈಗ ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಗ್ಯಾರೇಜಿನಲ್ಲಿ ತೊಂದರೆ ಓದುವ ಸ್ಕ್ಯಾನರ್ ಹಾಕಿದಾಗ ಕನೆಕ್ಟ್ ಆಗಲಿಲ್ಲ, ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಹೋಗಿದೆ ಅಂದರು. ಗುಜರಿಯಲ್ಲಿ ಹಳೇದೊಂದು ಸಿಗುತ್ತೆ, ತಂದು ಹಾಕಬಹುದಾ ಅಂತ ನಿಮ್ಮ ಪ್ರಶ್ನೆ.

ಈಗಲೇ ತರಬೇಡಿ. ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ ಅಂದ ಮಾತ್ರಕ್ಕೆ ಇಸಿಎಂ ಸತ್ತಿದೆ ಅಂತಲ್ಲ. ಅದಕ್ಕೆ ಕರೆಂಟ್ ಬರದಿದ್ದರೂ ಅದು ಮಾತಾಡುವುದಿಲ್ಲ, ಅರ್ತಿಂಗ್ (ಬ್ಯಾಟರಿ ಮೈನಸ್‌ಗೆ ಕರೆಂಟ್ ವಾಪಸ್ ಹೋಗುವ ದಾರಿ) ಸರಿ ಇಲ್ಲದಿದ್ದರೂ ಮಾತಾಡುವುದಿಲ್ಲ. ಮಳೆಯಲ್ಲಿ ಮಾತ್ರ ಕೈ ಕೊಡೋ ಗಾಡಿ ಅಂದರೆ ನನಗೆ ಮೊದಲು ಅನುಮಾನ ಬರುವುದು ವೈರಿಂಗ್ ಮೇಲೆ.

ಎರಡು ವರ್ಷದ ಹಿಂದೆ ಜುಲೈನಲ್ಲಿ ನನ್ನ ಪಿಕಪ್ಪಿಗೂ ಹೀಗೇ ಆಯಿತು. ಮಡಿಕೇರಿಯಿಂದ ಗೊಬ್ಬರ ತುಂಬಿಕೊಂಡು ಸುಂಟಿಕೊಪ್ಪಕ್ಕೆ ವಾಪಸ್ ಬರುವಾಗ ಬೋಯಿಕೇರಿ ಹತ್ತಿರ ಗಾಡಿ ನಿಂತಿತು. ಎಳೆಸಿಕೊಂಡು ಬಂದೆ. ನನಗೂ ಇಸಿಎಂ ಹೋಗಿದೆ ಅಂತಲೇ ಹೇಳಿದರು. ಮರುದಿನ ಬೆಳಿಗ್ಗೆ ಬ್ಯಾಟರಿ ಬಿಚ್ಚಿ, ವೈರ್‌ಗಳನ್ನು ಪೆಟ್ಟಿಗೆಗೆ ಸಿಕ್ಕಿಸುವ ಇಸಿಎಂ ಕಪ್ಲರ್‌ನ ಲಾಕ್ ಎತ್ತಿ ಹೊರಗೆ ತೆಗೆದೆ. ಟಾರ್ಚ್ ಹಿಡಿದು ನೋಡಿದರೆ ಕೆಳಗಿನ ಸಾಲಿನ ಮೂಲೆಯಲ್ಲಿ ಒಂದೇ ಒಂದು ಹನಿ ನೀರು. ಅದರ ಪಕ್ಕದ ಪಿನ್ನಿನ ಬುಡದಲ್ಲಿ ಹಸಿರು ಪುಡಿ, ಹಳೇ ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅದೇ ಕಿಲುಬು. ಕಪ್ಲರ್‌ಗೆ ಮೇಲಿಂದ ನೀರು ಬೀಳುವ ಜಾಗವೇ ಇರಲಿಲ್ಲ. ವೈರ್ ಹಿಡಿದು ಮೇಲೆ ಹುಡುಕುತ್ತಾ ಹೋದೆ. ಒಂದೂವರೆ ಅಡಿ ಮೇಲೆ ಇಲಿ ವೈರ್ ಮೇಲಿನ ಪೈಪ್ ಕಡಿದು ಒಳಗಿನ ವೈರನ್ನೂ ಕೆರೆದಿತ್ತು. ನೀರು ಅಲ್ಲಿ ಒಳಗೆ ಸೇರಿ, ವೈರ್ ಗುಂಟ ಇಳಿದು ಕಪ್ಲರ್‌ನಲ್ಲಿ ನಿಂತಿತ್ತು. ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಜಾಗ ಬೇಕು, ಓಡಿಸಿ ನಿಲ್ಲಿಸಿದ ಗಾಡಿಯ ಬಾನೆಟ್ ಒಳಗೆ ಅದು ಸಿಗುತ್ತದೆ. ತೋಟದ ಶೆಡ್ಡಿನಲ್ಲಿ ಗಾಡಿ ಇಡುವವರೆಲ್ಲ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿದೆ. ಪೆಟ್ರೋಲ್ ಹಾಕಬೇಡಿ, ಸ್ಯಾಂಡ್ ಪೇಪರ್ ಅಂತೂ ಬೇಡವೇ ಬೇಡ, ಪಿನ್ನಿನ ಮೇಲಿನ ಲೇಪ ಹೋಗುತ್ತದೆ. ಕಡಿದ ವೈರನ್ನು ಬೆಸುಗೆ ಹಾಕಿ ಸ್ಲೀವ್ ಮುಚ್ಚಿದೆ. ಆಮೇಲೆ ವೈರ್ ಕಟ್ಟನ್ನು ಕಪ್ಲರ್‌ಗಿಂತ ಕೆಳಗೆ ಸ್ವಲ್ಪ ಜೋತು ಬಿಟ್ಟು, ಅಲ್ಲಿಂದ ಮೇಲಕ್ಕೆ ಕಟ್ಟಿದೆ. ನೀರು ಇಳಿದರೂ ಆ ಜೋಲಿನಲ್ಲಿ ತೊಟ್ಟಿಕ್ಕಿ ಹೋಗಲಿ ಅಂತ. ಅದೇ ಇಸಿಎಂ ಇವತ್ತಿಗೂ ಓಡುತ್ತಿರಬೇಕಿತ್ತು. ಅದು ಹೋದದ್ದು ಬೇರೆ ಕಾರಣಕ್ಕೆ, ಅದನ್ನು ಆಮೇಲೆ ಹೇಳುತ್ತೇನೆ.

ಈಗ ನಿಮ್ಮ ಗಾಡಿ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚೆಕ್ ಲೈಟ್ ಹತ್ತುತ್ತದಾ ಇಲ್ವಾ, ನೀವು ಬರೆದಿಲ್ಲ. ಹತ್ತದಿದ್ದರೆ ಇಸಿಎಂಗೆ ಕರೆಂಟೇ ಬರುತ್ತಿಲ್ಲ ಅಂತ ಅನುಮಾನ ಪಡಬೇಕು. ಬ್ಯಾಟರಿಯಿಂದ ಶುರು ಮಾಡಿ. ರಾತ್ರಿ ಸುಮ್ನೆ ನಿಂತ ಬ್ಯಾಟರಿ 12.5 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬಿದ್ದರೆ ಇಂಜಿನ್ ತಿರುಗಿದರೂ ಇಸಿಎಂ ಎದ್ದೇಳದೇ ಇರಬಹುದು. ಆಮೇಲೆ ಇಸಿಎಂನ ಫ್ಯೂಸ್‌ಗಳು, ಮೇನ್ ರಿಲೇ (ಇಸಿಎಂಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ಅದೇ ನಂಬರಿನ ರಿಲೇ ಬಾಕ್ಸಿನಲ್ಲಿ ಇನ್ನೊಂದು ಇದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲ.

ಅರ್ತಿಂಗ್ ನೋಡುವಾಗ ಹೆಚ್ಚಿನವರು ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಬೀಪ್ ಬಂದರೆ ಸರಿ ಅಂದುಬಿಡುತ್ತಾರೆ. ಅದು ಸಾಲದು. ಹತ್ತು ಎಳೆಯಲ್ಲಿ ಒಂದೇ ಎಳೆ ಉಳಿದ ವೈರ್ ಕೂಡ ಬೀಪ್ ಕೊಡುತ್ತದೆ, ಕರೆಂಟ್ ಎಳೆದಾಗ ಸೋಲುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಇಸಿಎಂ ಅರ್ತಿಂಗ್ ವೈರಿಗೆ. ಕಪ್ಲರ್ ಹಾಕಿಯೇ ಇರಬೇಕು, ಹಿಂದಿನಿಂದ ತೆಳ್ಳಗಿನ ಪಿನ್ ತಾಗಿಸಿ ನೋಡಿ. ಒಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತಿಂಗ್ ಕೆಟ್ಟಿದೆ. ಚಾಸಿಗೆ ಬೋಲ್ಟ್ ಹಾಕಿದ ಜಾಗ ಬಿಚ್ಚಿ, ತುಕ್ಕು ಕೆರೆದು, ಗಟ್ಟಿಯಾಗಿ ಕೂರಿಸಿ, ಮೇಲೆ ಗ್ರೀಸ್ ಹಚ್ಚಿ. ನಮ್ಮ ಕಡೆ ನಾಲ್ಕು ತಿಂಗಳು ಕೆಸರಲ್ಲೇ ಓಡೋ ಗಾಡಿಗಳಿಗೆ ಈ ಬೋಲ್ಟ್ ಅಡಿ ತುಕ್ಕು ಹಿಡಿಯದೆ ಇರುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ದಯವಿಟ್ಟು ಬಿಡಬೇಡಿ. ಇಸಿಎಂ ಹಲವು ಸೆನ್ಸರ್‌ಗಳಿಗೆ 5 ವೋಲ್ಟ್ ಕಳಿಸುತ್ತದೆ, ಒಂದೇ ಲೈನಿನಲ್ಲಿ ಎರಡು ಮೂರು ಸೆನ್ಸರ್ ಇರುವುದುಂಟು. ಅದರಲ್ಲಿ ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಇಡೀ ಲೈನೇ ಬಿದ್ದುಹೋಗುತ್ತದೆ. ಕೆಲವು ಗಾಡಿಗಳಲ್ಲಿ ಇಸಿಎಂ ಸ್ಕ್ಯಾನರ್ ಜೊತೆ ಮಾತಾಡುವುದನ್ನೂ ನಿಲ್ಲಿಸುತ್ತದೆ. ನೋಡಿದವರಿಗೆ ಇಸಿಎಂ ಹೋಗಿದೆ ಅಂತಲೇ ಅನಿಸುತ್ತದೆ. ಕೀ ಆನ್ ಇಟ್ಟು ಒಂದು ಸೆನ್ಸರ್ ಕಪ್ಲರ್‌ನಲ್ಲಿ 5 ವೋಲ್ಟ್ ಇದೆಯಾ ನೋಡಿ. ಇಲ್ಲದಿದ್ದರೆ ಉಳಿದ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ. ಬಿಚ್ಚುವುದು ವೈರ್ ಕಪ್ಲರ್ ಮಾತ್ರ. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ರೈಲ್ ಪೈಪಿಗೆ ಸ್ಪ್ಯಾನರ್ ಹಾಕಬೇಡಿ, ಇಂಜಿನ್ ಓಡುವಾಗ ಅದರಲ್ಲಿ ಒತ್ತಡ ಸಾವಿರ ಬಾರ್‌ಗೂ ಜಾಸ್ತಿ ಏರಬಹುದು.

ಸ್ಕ್ಯಾನರ್ ಹಾಕುವ 16 ಪಿನ್ನಿನ ಸಾಕೆಟ್ಟನ್ನೂ ನೋಡಿ. 16ನೇ ಪಿನ್ನಿಗೆ ಬ್ಯಾಟರಿ ಕರೆಂಟ್ ಬರಬೇಕು, 4 ಮತ್ತು 5 ಅರ್ತಿಂಗ್. 6 ಮತ್ತು 14 ಸ್ಕ್ಯಾನರ್ ಇಸಿಎಂ ಜೊತೆ ಮಾತಾಡುವ ಎರಡು ವೈರ್. ಬ್ಯಾಟರಿ ಬಿಚ್ಚಿ ಅವೆರಡರ ನಡುವೆ ಓಮ್ ನೋಡಿದರೆ ಸಾಮಾನ್ಯವಾಗಿ 60ರ ಹತ್ತಿರ ಬರುತ್ತದೆ. 120 ಬಂದರೆ ಒಂದು ಕಡೆ ಲೈನ್ ಕಟ್ ಆಗಿದೆ, ಸೊನ್ನೆ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿದೆ.

ಇಷ್ಟೆಲ್ಲ ಸರಿ ಇದ್ದೂ ಮಾತಾಡದಿದ್ದರೆ ಆಗ ಇಸಿಎಂ ಹೋಗಿದೆ ಅನ್ನಿ. ಹೋಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಳೆದ ವರ್ಷ ಕಾಫಿ ಕೊಯ್ಲಿಗೆ ಮೊದಲು ಚೀಲ ಜಾಸ್ತಿ ಹಿಡಿಯಲಿ ಅಂತ ಹಿಂದೆ ಆಂಗಲ್ ವೆಲ್ಡಿಂಗ್ ಮಾಡಿಸಿದೆ. ಬ್ಯಾಟರಿ ಬಿಚ್ಚಿರಲಿಲ್ಲ. ಮರುದಿನ ಗಾಡಿ ಏಳಲಿಲ್ಲ. ಈ ಸಲ ಕರೆಂಟ್, ಅರ್ತಿಂಗ್, 5 ವೋಲ್ಟ್ ಲೈನ್ ಎಲ್ಲ ನೋಡಿ ಮುಗಿಸಿದೆ, ವೈರಿಂಗ್‌ನಲ್ಲಿ ಏನೂ ಇಲ್ಲ. ಬೋರ್ಡೇ ಸುಟ್ಟಿತ್ತು. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಮೈನಸ್ ತೆಗೆಯಿರಿ, ಇಸಿಎಂ ಕಪ್ಲರ್ ಕೂಡ ಬಿಚ್ಚಿ. ವೆಲ್ಡಿಂಗ್ ಅರ್ತ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಿಡಿಸಿ.

ಗುಜರಿ ಇಸಿಎಂ ವಿಷಯ. ಲೇಬಲ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಒಂದೇ ಇರಬೇಕು. ಒಂದೇ ಮಾಡೆಲ್ ಗಾಡಿ ಅನ್ನುವುದು ಸಾಲದು, ಬಿಎಸ್4 (ಹಳೇ ಹೊಗೆ ನಿಯಮದ) ಗಾಡಿಯದು ಬಿಎಸ್6 (ಹೊಸ ನಿಯಮದ) ಗಾಡಿಗೆ ಆಗುವುದಿಲ್ಲ. ನಂಬರ್ ಹೊಂದಿದರೂ ಸುಮ್ನೆ ಸಿಕ್ಕಿಸಿದರೆ ಸ್ಟಾರ್ಟ್ ಆಗದೇ ಇರಬಹುದು, ಅದು ಹಳೇ ಗಾಡಿಯ ಕೀ ಜೊತೆ ಲಾಕ್ ಆಗಿರುತ್ತದೆ. ನಿಮ್ಮ ಇಸಿಎಂನ ಡೇಟಾ ಪೂರ್ತಿ ತೆಗೆದು ಅದಕ್ಕೆ ತುಂಬಬೇಕು, ಕ್ಲೋನಿಂಗ್ ಅಂತಾರೆ. ಬೋರ್ಡ್ ಸುಟ್ಟರೂ ಮೆಮೊರಿ ಚಿಪ್ ಉಳಿದಿದ್ದರೆ ಈ ಕೆಲಸ ಆಗುತ್ತದೆ. ನಾನು ಮೈಸೂರಿಗೆ ಹೋಗಿ ಹೀಗೇ ಮಾಡಿಸಿದೆ. ಆದ್ದರಿಂದ ಹಳೇ ಇಸಿಎಂ ಯಾರಿಗೂ ಕೊಡಬೇಡಿ. ಗುಜರಿಯವರಿಂದ ಬಿಲ್ ತಗೊಳ್ಳಿ, ಕದ್ದ ಗಾಡಿಯ ಮಾಲು ನಮ್ಮ ಕೈಗೆ ಬರಬಾರದು.

ಹೊಸದೇ ತರುವುದಾದರೆ ಕೋಡಿಂಗ್ ಸೇರಿ ಎಷ್ಟು ಅಂತ ಮೊದಲೇ ಕೇಳಿ. ಹಾಕುವ ಕೆಲಸ ಸುಲಭ. ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಕೈ ಹಾಕಿ, ವೈರ್ ಹಿಡಿದು ಎಳೆಯಬೇಡಿ, ಅಷ್ಟೇ. ಕಷ್ಟ ಇರುವುದು ಆಮೇಲೆ. ಚಾಸಿ ನಂಬರ್ ತುಂಬಬೇಕು, ಮನೆಯಲ್ಲಿರುವ ಎಲ್ಲ ಕೀಗಳನ್ನೂ ಸೇರಿಸಬೇಕು, ಸ್ಪೇರ್ ಕೀ ಬಿಟ್ಟು ಹೋಗಬೇಡಿ. ನಾಲ್ಕು ಇಂಜೆಕ್ಟರ್‌ಗೂ ತಲೆಯ ಮೇಲೆ ಅದರದರ ಕೋಡ್ ಬರೆದಿರುತ್ತದೆ. ಯಾವ ಸಿಲಿಂಡರ್‌ಗೆ ಯಾವುದು ಅಂತ ನೋಡಿ ತುಂಬಿಸಬೇಕು. ಇದನ್ನು ಬಿಟ್ಟರೆ ಗಾಡಿ ಓಡುತ್ತದೆ, ಆದರೆ ಹೊಗೆ, ನಡುಕ, ಸಂಪಾಜೆ ಘಾಟಿ ಹತ್ತುವಾಗ ಎಳೆತ ಇರುವುದಿಲ್ಲ. ಪ್ರೋಗ್ರಾಂ ತುಂಬುವಾಗ ಬ್ಯಾಟರಿಗೆ ಚಾರ್ಜರ್ ಹಾಕಿರಲಿ. ಮಧ್ಯದಲ್ಲಿ ವೋಲ್ಟೇಜ್ ಇಳಿದರೆ ಹೊಸ ಇಸಿಎಂ ಕೂಡ ಹಾಳು. ಹಳೇ ತೊಂದರೆ ಸರಿ ಮಾಡದೆ ಹೊಸದು ಹಾಕಿದರೂ ಅದೇ ಗತಿ, ಶಾರ್ಟ್ ಆದ ವೈರ್ ಅದನ್ನೂ ಸುಡುತ್ತದೆ.

ನಾಳೆ ಬೆಳಿಗ್ಗೆ ಕಪ್ಲರ್ ಬಿಚ್ಚಿ ಎರಡು ಕಡೆಯ ಪಿನ್ನಿನ ಫೋಟೋ, ಇಸಿಎಂ ಲೇಬಲ್ ಫೋಟೋ ಇಲ್ಲಿ ಹಾಕಿ. ಬ್ಯಾಟರಿ ಎಷ್ಟು, ಸೆಲ್ಫ್ ಹೊಡೆಯುವಾಗ ಎಷ್ಟು, ಅರ್ತಿಂಗ್ ಎಷ್ಟು, ಮೂರು ಲೆಕ್ಕ ಬರೆಯಿರಿ. ಗುರುವಾರ ನಾನು ಸೋಮವಾರಪೇಟೆಗೆ ಬರುತ್ತೇನೆ. ಮೀಟರ್ ನನ್ನ ಹತ್ತಿರ ಇದೆ, ತರುತ್ತೇನೆ, ಒಟ್ಟಿಗೆ ಕೂತು ನೋಡೋಣ. ಅಲ್ಲಿವರೆಗೆ ಗುಜರಿಯವರಿಗೆ ಅಡ್ವಾನ್ಸ್ ಕೊಡಬೇಡಿ ಅಣ್ಣ.