ಪಟ್ಟಿಯಲ್ಲಿ ನನ್ನ ಕಾರು ಯಾಕಿಲ್ಲ ಸಾರ್?

ರೇಸಿಂಗ್ ಗೇಮ್ ಒಂದು ಬರುತ್ತಿದೆ ಅಂದರೆ ಸಾಕು, ನನ್ನ ಇನ್‌ಬಾಕ್ಸ್ ತುಂಬುತ್ತದೆ. ಗೇಮುಗಳಿಗೆ ಕಾರಿನ 3ಡಿ ಮಾಡೆಲ್ ಮಾಡುವುದು ನನ್ನ ಕೆಲಸ. ಅದಕ್ಕೇ ಇರಬೇಕು, ಯಾವ ಕಾರು ಬಂತು, ಯಾವುದು ಬರಲಿಲ್ಲ ಅನ್ನುವುದಕ್ಕೆಲ್ಲ ನಾನೇ ಜವಾಬ್ದಾರಿ ಅಂತ ಜನ ತೀರ್ಮಾನ ಮಾಡಿಬಿಟ್ಟಿದ್ದಾರೆ. ಈ ಸಲದ ಗಲಾಟೆ ಫೋರ್ಜಾ ಹೊರೈಜನ್ 6ರದ್ದು. ಆಟ ನಡೆಯುವುದು ಜಪಾನಿನಲ್ಲಿ, ಬಿಡುಗಡೆ 2026ರಲ್ಲಿ, ಕಾರುಗಳು 550ಕ್ಕೂ ಜಾಸ್ತಿ ಎಂದು ಕಂಪನಿ ಹೇಳಿದೆ. ಪಟ್ಟಿ ನೋಡಿ ಖುಷಿಯಾದವರು ನನಗೆ ಬರೆಯುವುದಿಲ್ಲ. ಬರೆಯುವವರೆಲ್ಲ ಸಿಟ್ಟಿನಲ್ಲಿದ್ದಾರೆ. ಫೋರ್ಜಾ ಅಂದರೇನು, ಎಲ್ಲಿ ಸಿಗುತ್ತದೆ ಎಂದು ಕೇಳಿದವರು ಮನೆಯಲ್ಲಿರುವ ಹುಡುಗರನ್ನೇ ಕೇಳಿ.

ಫೋರ್ಜಾ ಹೊರೈಜನ್ 6ರ ಎಪಿಕೆ ಫೈಲ್ ಎಲ್ಲಿ ಸಿಗುತ್ತೆ ಸರ್? ನನ್ನದು ಆಂಡ್ರಾಯ್ಡ್ ಫೋನ್. (ಸಿಂಧನೂರು)

ಎಲ್ಲೂ ಸಿಗಲ್ಲ. ಮೊದಲು ಎಕ್ಸ್‌ಬಾಕ್ಸ್ ಸೀರೀಸ್ ಮತ್ತು ಪಿಸಿಗೆ, ಆಮೇಲೆ ಪ್ಲೇಸ್ಟೇಷನ್ 5ಕ್ಕೆ ಬರುವ ಆಟ ಇದು. ನೀವು ಇಳಿಸಿಕೊಳ್ಳುವ ಆ ಫೈಲಿನಲ್ಲಿ ಕಾರು ಇರುವುದಿಲ್ಲ. ನಿಮ್ಮ ಒಟಿಪಿ ಓದುವ ಕಳ್ಳ ಇರುತ್ತಾನೆ. ಆಗಲೇ ಇಳಿಸಿಕೊಂಡಿದ್ದರೆ ಮೊದಲು ನೆಟ್ ಆಫ್ ಮಾಡಿ, ಅದನ್ನು ತೆಗೆಯಿರಿ. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಫೋನಿನಿಂದ ಬದಲಿಸಿ.

ಜಪಾನ್ ಅಂದ ಮೇಲೆ ಹೊಸ ಹೊಸ ಕಾರು ಬರುತ್ತೆ ಅಂತ ಕಾದಿದ್ದೆ. ಪಟ್ಟಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಹೊರೈಜನ್ 5ರಲ್ಲಿ ಓಡಿಸಿದ್ದೇ. ಹಳೇ ಕಾರನ್ನೇ ತುಂಬಿ ಮತ್ತೆ ದುಡ್ಡು ಕೇಳೋದು ಮೋಸ ಅಲ್ವಾ? ನಾವು ಕೇಳಿದ ಕಾರು ಹಾಕೋಕೆ ಇವರಿಗೇನು ರೋಗ? (ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಬೈಗುಳದ ಜತೆ ಬಂದಿದೆ. ಇದೊಂದಕ್ಕೆ ವಿವರವಾಗಿ ಬರೆಯುತ್ತೇನೆ. ಮುಂದಿನ ಗೇಮಿಗೆ ಮತ್ತೆ ಕೇಳಬೇಡಿ.

ಮೊದಲು ಲೆಕ್ಕ ಹಾಕೋಣ. ಗ್ರ್ಯಾನ್ ಟುರಿಸ್ಮೊ ಎಂಬ ಪ್ಲೇಸ್ಟೇಷನ್ ರೇಸಿಂಗ್ ಆಟ ಕಟ್ಟಿದ ಕಜುನೊರಿ ಯಮೌಚಿ ಪ್ಲೇಸ್ಟೇಷನ್ 3ರ ಕಾಲದಲ್ಲೇ ಒಂದು ಮಾತು ಹೇಳಿದ್ದರು: ಒಂದು ಕಾರನ್ನು ಒಳಗೂ ಹೊರಗೂ ಪೂರ್ತಿ ಮಾಡಲು ಒಬ್ಬರಿಗೆ ಸುಮಾರು ಆರು ತಿಂಗಳು ಬೇಕು. ಈಗ ಟಿವಿ ದೊಡ್ಡದಾಗಿದೆ, ಕಣ್ಣು ಚುರುಕಾಗಿದೆ, ಕೆಲಸ ಕಮ್ಮಿಯಂತೂ ಆಗಿಲ್ಲ. ಅದೇ ಆರು ತಿಂಗಳು ಇಟ್ಟುಕೊಂಡರೂ 550 ಕಾರಿಗೆ 275 ವರ್ಷದ ಕೆಲಸ. ನೂರು ಜನ ಕೂತು ಬೇರೆ ಏನೂ ಮಾಡದೆ ಕಾರೇ ಮಾಡಿದರೂ ಎರಡೂಮುಕ್ಕಾಲು ವರ್ಷ. ಪ್ರತಿ ಆಟಕ್ಕೂ ಎಲ್ಲವನ್ನೂ ಹೊಸದಾಗಿ ಮಾಡಿ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಆರು ತಿಂಗಳು ಏನು ಮಾಡ್ತೀರಿ ಅಂತೀರಿ. ಹೊಸ ಕಾರಾದರೆ ಕಾರು ಕಂಪನಿ ತನ್ನ ಕ್ಯಾಡ್ ಫೈಲ್, ಅಂದರೆ ಕಂಪ್ಯೂಟರಿನಲ್ಲಿ ಬಿಡಿಸಿದ ಕಾರಿನ ನಕ್ಷೆ, ಕೊಡುವುದುಂಟು. ಅದರಲ್ಲಿ ಬೋಲ್ಟು ನಟ್ಟು ಎಲ್ಲ ಇರುತ್ತವೆ. ಅಷ್ಟನ್ನೂ ಗೇಮಿಗೆ ಹಾಕಿದರೆ ಮಷೀನ್ ಮಲಗಿಬಿಡುತ್ತದೆ. ಹಾಗಾಗಿ ಅದನ್ನು ನೋಡಿಕೊಂಡು ಮೈಯನ್ನೆಲ್ಲ ಬೇರೆಯಾಗಿ ಕಟ್ಟಬೇಕು. ನೀವು ಕೇಳುವುದೋ 1990ರ ದಶಕದ ಜಪಾನಿ ಕಾರು. ಅದಕ್ಕೆ ನಿಜವಾದ ಕಾರೇ ಬೇಕು. ಒಬ್ಬ ಮಾಲೀಕನನ್ನು ಹುಡುಕಬೇಕು. ಆ ಕಾರು ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರಬೇಕು. ಸ್ಕೈಲೈನ್, ಸಿಲ್ವಿಯಾ ಇಟ್ಟುಕೊಂಡವನು ಅದನ್ನು ಹಾಗೇ ಬಿಟ್ಟಿರುತ್ತಾನೆಯೇ? ಬಂಪರ್ ಬದಲಾಗಿರುತ್ತದೆ, ಸ್ಪ್ರಿಂಗ್ ಇಳಿಸಿರುತ್ತಾನೆ, ಸೈಲೆನ್ಸರ್ ಬೇರೆ ಕಂಪನಿಯದು. ಒಳ್ಳೆಯ ಕಾರು ಸಿಕ್ಕ ಮೇಲೆ ಸ್ಕ್ಯಾನಿಂಗ್, ನೂರಾರು ಫೋಟೊ. ಹೆಡ್‌ಲೈಟ್ ಅಂದರೆ ಬರೀ ಗಾಜಲ್ಲ. ಒಳಗಿನ ರಿಫ್ಲೆಕ್ಟರ್, ಅದರ ಗೀರು, ಬಲ್ಬು, ಎಲ್ಲವನ್ನೂ ಬೇರೆ ಬೇರೆ ಮಾಡಬೇಕು. ಆಮೇಲೆ ಸೀಟಿನ ಹೊಲಿಗೆ, ಮೀಟರಿನ ಮುಳ್ಳು. ಇಂಜಿನ್ ಹತ್ತಿರ ಒಂದು ಮೈಕ್, ಸೈಲೆನ್ಸರ್ ಹತ್ತಿರ ಒಂದು ಮೈಕ್ ಇಟ್ಟು ಸದ್ದು ಹಿಡಿಯುವುದು ಬೇರೆಯವರ ಕೆಲಸ. ಫೋರ್ಜಾದಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ನೀವು ಗ್ಯಾರೇಜಿಗೆ ಹೋಗಿ ಹಾಕಿಸುವ ಬಂಪರ್, ಸ್ಪಾಯ್ಲರ್, ಅಗಲವಾದ ಮಡ್‌ಗಾರ್ಡ್ ಕೂಡ ಪ್ರತಿ ಕಾರಿಗೂ ಸರಿಯಾಗಿ ಕೂರಬೇಕು.

ಇದೆಲ್ಲ ಆದ ಮೇಲೆ ಕಾರು ಕಂಪನಿಯ ಒಪ್ಪಿಗೆ. ಒಮ್ಮೆ ಒಂದು ಕಂಪನಿಯವರು ನಮ್ಮ ಮಾಡೆಲನ್ನು ವಾಪಸ್ ಕಳಿಸಿದ್ದರು. ಬಾನೆಟ್ಟಿಗೂ ಹೆಡ್‌ಲೈಟಿಗೂ ನಡುವಿನ ಸಂದು ಎಡಗಡೆ ಕೂದಲೆಳೆಯಷ್ಟು ಜಾಸ್ತಿ ಇದೆ ಅಂತ. ಫೋಟೊಗಳನ್ನೆಲ್ಲ ಮತ್ತೆ ತೆಗೆದು ನೋಡಿದರೆ ನಿಜವಾದ ಕಾರಿನಲ್ಲೇ ಹಾಗಿತ್ತು. ಅದು ಹಿಂದೆ ಎಲ್ಲೋ ಗುದ್ದಿಸಿಕೊಂಡು ಟಿಂಕರಿಂಗ್ ಆಗಿದ್ದ ಕಾರು. ಅವರು ಕೇಳಲಿಲ್ಲ, ನಾವೇ ತಿದ್ದಿದೆವು.

ಇಷ್ಟು ಕೆಲಸ ಮಾಡಿದ ಮಾಡೆಲನ್ನು ಮುಂದಿನ ಆಟಕ್ಕೆ ಬಳಸದೆ ಯಾರು ಬಿಸಾಡುತ್ತಾರೆ? ಹಳೆಯ ಕಾರು ವಾಪಸ್ ಬರುವುದರಲ್ಲಿ ಮೋಸವೇನಿಲ್ಲ. ಮೋಸ ಇರುವುದು ಉದ್ದ ತೋರಿಸಲು ಪಟ್ಟಿ ತುಂಬಿಸುವುದರಲ್ಲಿ. ಅದಕ್ಕೆ ಮನೆಮನೆಗೂ ಗೊತ್ತಿರಬೇಕಾದ ಉದಾಹರಣೆ 2010ರ ಗ್ರ್ಯಾನ್ ಟುರಿಸ್ಮೊ 5. ಸಾವಿರಕ್ಕೂ ಜಾಸ್ತಿ ಕಾರು ಎಂದು ಡಂಗುರ ಹೊಡೆದರು. ಬಿಚ್ಚಿ ನೋಡಿದರೆ ಪೂರ್ತಿ ಮಾಡಿದ ‘ಪ್ರೀಮಿಯಂ’ ಕಾರು ಸುಮಾರು 200. ಉಳಿದ 800ರಷ್ಟು ‘ಸ್ಟ್ಯಾಂಡರ್ಡ್’. ಅಂದರೆ ಪ್ಲೇಸ್ಟೇಷನ್ 2ರ ಆಟದಿಂದ ಎತ್ತಿ ತಂದವು. ಒಳಗೆ ಡ್ಯಾಶ್‌ಬೋರ್ಡೇ ಇರಲಿಲ್ಲ. ಹೋಟೆಲ್ ಬೋರ್ಡಿನಲ್ಲಿ ನಲವತ್ತು ತಿಂಡಿ ಬರೆದು, ಒಳಗೆ ಹೋದರೆ ಇಡ್ಲಿ ವಡೆ ಬಿಟ್ಟು ಏನಿಲ್ಲ ಅಂದ ಹಾಗೆ. ಅದಕ್ಕೂ ಆಗ ಅಭಿಮಾನಿಗಳು ‘ಸಾವಿರ ಕಾರು ಇದೆ ನೋಡು’ ಎಂದು ಬೀಗಿದ್ದರು. ಈಗ 550 ಕಮ್ಮಿಯಾಯಿತು ಅನ್ನುವವರೂ ಆ ಜಾತಿಗೇ ಸೇರಿದವರು.

ಇನ್ನು ‘ಕೇಳಿದ ಕಾರು ಯಾಕಿಲ್ಲ’. ಕಾರಿನ ಆಕಾರ, ಹೆಸರು, ಲೋಗೊ ಎಲ್ಲವೂ ಕಾರು ಕಂಪನಿಯ ಸ್ವತ್ತು. ಅವರು ಒಪ್ಪದಿದ್ದರೆ ಮಾಡೆಲ್ ರೆಡಿ ಇದ್ದರೂ ಪೆಟ್ಟಿಗೆಯಲ್ಲೇ ಕೊಳೆಯುತ್ತದೆ. 2018ರ ಹೊರೈಜನ್ 4 ಬಂದಾಗ ಟೊಯೋಟಾದ ರಸ್ತೆ ಕಾರುಗಳು ಇರಲಿಲ್ಲ. 2019ರ ನೀಡ್ ಫಾರ್ ಸ್ಪೀಡ್ ಹೀಟ್‌ನಲ್ಲೂ ಇರಲಿಲ್ಲ. ಟೊಯೋಟಾದ ಸ್ಪೋರ್ಟ್ಸ್ ಕಾರು ಸುಪ್ರಾ ಇಲ್ಲದ ಸ್ಟ್ರೀಟ್ ರೇಸಿಂಗ್ ಆಟ! ಯಾಕೆ ಅಂತ ಒಬ್ಬರು ಟ್ವಿಟರಿನಲ್ಲಿ ಕೇಳಿದ್ದಕ್ಕೆ ಟೊಯೋಟಾದ ಬ್ರಿಟನ್ ಶಾಖೆಯಿಂದ ಉತ್ತರ ಬಂತು: ನಮ್ಮ ಕಾರು ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್‌ನಲ್ಲಿದೆ, ಆ ಆಟ ಬೀದಿಯ ಅಕ್ರಮ ರೇಸಿಗೆ ಕುಮ್ಮಕ್ಕು ಕೊಡುವುದಿಲ್ಲ. ಜನ ನಕ್ಕರು, ಟ್ವೀಟ್ ಮಾಯವಾಯಿತು. ಹೊರೈಜನ್ 4ಕ್ಕೆ ಸುಪ್ರಾ ಬಂದದ್ದು 2020ರ ಶುರುವಿನಲ್ಲಿ, ಆಟ ಬಂದು ಒಂದು ವರ್ಷಕ್ಕೂ ಮೇಲಾದ ನಂತರ. ಆ ಅಷ್ಟೂ ದಿನ ಬೈಸಿಕೊಂಡವರು ಮಾಡೆಲ್ ಮಾಡುವ ಹುಡುಗರು.

ಪೋರ್ಶೆ ಕಥೆ ಇದಕ್ಕಿಂತ ಉದ್ದ. 2000ದ ಆಸುಪಾಸಿನಿಂದ 2016ರವರೆಗೆ ಆಟಗಳಲ್ಲಿ ಪೋರ್ಶೆ ಹಾಕುವ ಹಕ್ಕು ಇಎ ಎಂಬ ಗೇಮ್ ಕಂಪನಿಯ ಕೈಯಲ್ಲೇ ಇತ್ತು. ಬೇರೆಯವರಿಗೆ ಬೇಕಾದರೆ ಅವರನ್ನೇ ಕೇಳಿ, ಅವರು ಮನಸ್ಸು ಮಾಡಿದಾಗ ತಗೊಳ್ಳಬೇಕು. ಅದಕ್ಕೇ ಆ ಕಾಲದ ಆಟಗಳಲ್ಲಿ ರೂಫ್ ಎಂಬ ಹೆಸರು ಕಾಣುತ್ತಿತ್ತು. ರೂಫ್ ಅಂದರೆ ಪೋರ್ಶೆಯ ಬಾಡಿ ತಗೊಂಡು ತನ್ನದೇ ಕಾರು ಕಟ್ಟುವ, ಜರ್ಮನಿಯಲ್ಲಿ ಕಾರು ತಯಾರಕ ಎಂದೇ ನೋಂದಣಿಯಾದ ಸಣ್ಣ ಕಂಪನಿ. ಪೋರ್ಶೆಯ 911 ಬೇಕು ಅನ್ನುವವರು ರೂಫ್ ಓಡಿಸಿ ಸಮಾಧಾನ ಮಾಡಿಕೊಂಡರು. ಗ್ರ್ಯಾನ್ ಟುರಿಸ್ಮೊಗೆ ಅಸಲಿ ಪೋರ್ಶೆ ಬಂದದ್ದು 2017ರಲ್ಲಿ. ಇದರಲ್ಲಿ ಅಭಿಮಾನಿಗಳ ಅರ್ಜಿಗೆ, ಹ್ಯಾಶ್‌ಟ್ಯಾಗಿಗೆ ಎಷ್ಟು ಪಾಲು? ನನ್ನ ಪ್ರಕಾರ ಸೊನ್ನೆ. ಲಾಯರುಗಳು ಕೂತರು, ಒಪ್ಪಂದದ ಅವಧಿ ಮುಗಿಯಿತು, ಕಾರು ಬಂತು.

ಹಾಗಂತ ಗೇಮ್ ಕಂಪನಿಗಳ ಪರ ನಾನು ವಕಾಲತ್ತು ಹಾಕುತ್ತಿಲ್ಲ. 2023ರ ಫೋರ್ಜಾ ಮೋಟರ್‌ಸ್ಪೋರ್ಟನ್ನು ‘ಬುಡದಿಂದ ಹೊಸದಾಗಿ ಕಟ್ಟಿದ್ದೇವೆ’ ಎಂದು ಮಾರಿದರು. ಆಡಲು ಕೂತವರು ಎಷ್ಟೋ ವರ್ಷದ ಹಳೆಯ ಮಾಡೆಲುಗಳನ್ನು ಗುರುತು ಹಿಡಿದು ಉಗಿದರು. ಉಗಿದದ್ದು ಸರಿ. ಹಳೆಯದು ಎಂದು ಹೇಳಿಯೇ ಕೊಟ್ಟಿದ್ದರೆ ಯಾರೂ ಅಷ್ಟು ಸಿಟ್ಟಾಗುತ್ತಿರಲಿಲ್ಲ.

ನಿಮಗೆ ನಿಜವಾಗಿ ಪರೀಕ್ಷೆ ಮಾಡಬೇಕಿದ್ದರೆ ಪಟ್ಟಿ ಪಕ್ಕಕ್ಕಿಡಿ. ಆಟದ ವಿಡಿಯೊ ಬಂದಾಗ ಹಳೆಯ ಕಾರೊಂದನ್ನು ನಿಲ್ಲಿಸಿ, ದೊಡ್ಡದು ಮಾಡಿ ನೋಡಿ. ಆರ್34 ಸ್ಕೈಲೈನ್ ಆದರೆ ಹಿಂದಿನ ನಾಲ್ಕು ದುಂಡು ಲೈಟು. ಅಂಚು ನುಣ್ಣಗೆ ದುಂಡಗಿದೆಯೋ, ಮೂಲೆ ಮೂಲೆಯಾಗಿದೆಯೋ? ಚಕ್ರದ ಮೇಲಿನ ಕಮಾನು ನೋಡಿ. ಬೆಳಕು ಬಾಗಿಲಿನ ಮೇಲೆ ಹರಿದು ಹೋಗುವಾಗ ಎಲ್ಲಾದರೂ ಮುರಿಯುತ್ತದೆಯೇ ನೋಡಿ. ಮುರಿದರೆ ಅದು ಹಳೆಯ ಮಾಡೆಲ್, ಮೇಲೆ ಹೊಸ ಪೇಂಟ್ ಹೊಡೆದಿದ್ದಾರೆ ಅಷ್ಟೇ. ಆಮೇಲೆ ಒಳಗಿನ ಕ್ಯಾಮೆರಾ ಹಾಕಿ, ಎಸಿ ಬಟನ್ನಿನ ಮೇಲಿನ ಅಕ್ಷರ ಓದಲು ಬರುತ್ತದೆಯೇ ನೋಡಿ. ಇಷ್ಟರಲ್ಲಿ ಪಾಸಾದರೆ ಆ ಕಾರು ಐದನೇ ಸಲ ಬಂದಿದ್ದರೂ ನನ್ನ ತಕರಾರಿಲ್ಲ.

ಅಂದಹಾಗೆ ನೀವು ಕೇಳಿದ ಕಾರು ಯಾವುದು ಅಂತ ಪತ್ರದಲ್ಲಿ ಬರೆದೇ ಇಲ್ಲ.

ಮಾರುತಿ 800 ಅಥವಾ ಥಾರ್ ಯಾಕೆ ಯಾವ ಆಟದಲ್ಲೂ ಇಲ್ಲ? ಇಂಡಿಯಾ ಅಂದರೆ ಅಷ್ಟೊಂದು ತಾತ್ಸಾರವೇ? (ಹುಬ್ಬಳ್ಳಿ)

ತಾತ್ಸಾರ ಅಲ್ಲ ಸಾರ್, ಮಾರ್ಕೆಟ್. ಕನ್ಸೋಲ್ ಆಟ ದುಡ್ಡು ಕೊಟ್ಟು ಕೊಳ್ಳುವವರು ಅಮೆರಿಕ, ಯುರೋಪ್, ಜಪಾನಿನಲ್ಲಿ ಜಾಸ್ತಿ. ಒಂದು ಕಾರಿಗೆ ಇಷ್ಟು ಖರ್ಚು ಮಾಡುವವರು ಅವರಿಗೆ ಪರಿಚಯ ಇರುವ ಕಾರನ್ನೇ ಆರಿಸುತ್ತಾರೆ. ನಾವು ಕ್ರ್ಯಾಕ್ ಮಾಡಿದ ಕಾಪಿ ಆಡಿಕೊಂಡು ‘ನಮ್ಮ ಕಾರು ಹಾಕಿ’ ಅಂದರೆ ಯಾರು ಕೇಳುತ್ತಾರೆ? ಆದರೂ ನಮ್ಮ ರಸ್ತೆಯ ನೆಂಟರು ಅಲ್ಲಲ್ಲಿ ಇದ್ದಾರೆ. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಸುಜುಕಿಯ ಸ್ವಿಫ್ಟ್ ಸ್ಪೋರ್ಟ್ ಇದೆ, ಮೂರು ಬಾಗಿಲಿನ ಜಿಮ್ನಿ ಇದೆ. ಐದು ಬಾಗಿಲಿನ ಜಿಮ್ನಿ ತಯಾರಾಗುವುದು ಗುರುಗ್ರಾಮದ ಮಾರುತಿ ಕಾರ್ಖಾನೆಯಲ್ಲಿ. 2025ರಲ್ಲಿ ಅದನ್ನು ‘ನೊಮೇಡ್’ ಎಂಬ ಹೆಸರಿನಲ್ಲಿ ಜಪಾನಿನಲ್ಲಿ ಮಾರಲು ಶುರು ಮಾಡಿದಾಗ ನಾಲ್ಕೇ ದಿನಕ್ಕೆ ಸುಮಾರು 50,000 ಬುಕಿಂಗ್ ಆಗಿ, ಬುಕಿಂಗನ್ನೇ ನಿಲ್ಲಿಸಿದರು. ಇಲ್ಲಿ ಶೋರೂಮಿನಲ್ಲಿ ನಿಂತ ಗಾಡಿ ಆಗ ಅಲ್ಲಿ ಸಿಗುತ್ತಿರಲಿಲ್ಲ. ಜಪಾನಿನ ರಸ್ತೆಗಳ ಆಟದಲ್ಲಿ ಅದನ್ನು ಕೇಳಿದರೆ ಒಂದು ಅರ್ಥವಾದರೂ ಇದೆ.

ಮಾರುತಿ 800 ಓಡಿಸಲೇಬೇಕು ಅಂತಿದ್ದರೆ ಪಿಸಿಯಲ್ಲಿ ಅಸೆಟ್ಟೊ ಕೋರ್ಸಾ ತರಹದ ಹಳೆಯ ಆಟಗಳಿಗೆ ಹವ್ಯಾಸಿಗಳು ತಾವೇ ಕಾರು ಮಾಡಿ ಸೇರಿಸುವ ಮಾಡ್‌ಗಳನ್ನು ಹುಡುಕಿ. ಎಷ್ಟೋ ಕಾರುಗಳ ಡ್ಯಾಶ್‌ಬೋರ್ಡ್ ಬೇರೆ ಕಾರಿನದ್ದಾಗಿರುತ್ತದೆ, ಸದ್ದು ಇನ್ಯಾವುದರದ್ದೋ. ಫ್ರೀ ಕೊಟ್ಟವರನ್ನು ಬೈಯಬೇಡಿ. ಆದರೆ ಮಾಡ್ ಹೆಸರಿನಲ್ಲಿ .ಇಎಕ್ಸ್‌ಇ ಫೈಲ್ ಕೊಟ್ಟರೆ ಮುಟ್ಟಲೂ ಬೇಡಿ.

ಯೂಟ್ಯೂಬಿನಲ್ಲಿ ಒಬ್ಬರು ‘ಲೀಕ್ ಆದ ಪೂರ್ತಿ ಪಟ್ಟಿ’ ಹಾಕಿದ್ದಾರೆ. ನಂಬಬಹುದಾ? (ತುಮಕೂರು)

ಹಳೆಯ ಆಟದ ಪಟ್ಟಿಗೆ ಹತ್ತು ಹೊಸ ಹೆಸರು ಸೇರಿಸಿದರೆ ನೂರಕ್ಕೆ ಎಂಬತ್ತು ಸರಿಯಾಗುತ್ತದೆ. ಅದಕ್ಕೆ ಲೀಕ್ ಬೇಕಾಗಿಲ್ಲ. ಆಮೇಲೆ ಆ ಹತ್ತರಲ್ಲಿ ಒಂದು ಬಾರದಿದ್ದರೆ ‘ಕೊನೇ ಗಳಿಗೆಯಲ್ಲಿ ತೆಗೆದರು’ ಎಂದು ಇನ್ನೊಂದು ವಿಡಿಯೊ. ಬಾಣ ಹಾಕಿದ ಥಂಬ್‌ನೇಲ್, ಬಾಯಿ ಬಿಟ್ಟ ಮುಖ ಕಂಡರೆ ಮುಂದೆ ಹೋಗಿ. ಆಟ ಮಾಡುವವರೇ ಕೊಟ್ಟ ಪಟ್ಟಿ ಬಿಟ್ಟು ಬೇರೆ ಯಾವುದನ್ನೂ ನಾನು ಓದುವುದಿಲ್ಲ.

ಮಗ ಎಸ್ಸೆಸ್ಸೆಲ್ಸಿ. ಪ್ರೀಮಿಯಂ ಎಡಿಷನ್ ಮುಂಗಡ ಬುಕ್ ಮಾಡಿಸು ಎಂದು ಹಟ ಹಿಡಿದಿದ್ದಾನೆ. ಎಲ್ಲ ಕಾರು ಅದರಲ್ಲೇ ಸಿಗುತ್ತದಂತೆ. (ಒಬ್ಬ ತಂದೆ, ಶಿವಮೊಗ್ಗ)

ಮಾಡಿಸಬೇಡಿ. ದುಬಾರಿ ಎಡಿಷನ್ನಿನಲ್ಲಿ ಸಿಗುವುದು ನಾಲ್ಕು ದಿನ ಮೊದಲೇ ಆಡುವ ಆತುರ ಮತ್ತು ಆಮೇಲೆ ಕಂತಿನಲ್ಲಿ ಬರುವ ಕಾರು. ಹೊರೈಜನ್ 5ರ ಕಾರ್ ಪಾಸ್‌ನಲ್ಲಿ ವಾರಕ್ಕೊಂದರಂತೆ 42 ಕಾರು ಕೊಟ್ಟರು. ಮೂಲ ಆಟದಲ್ಲಿರುವ ಐನೂರನ್ನು ನಿಮ್ಮ ಮಗ ಒಂದೊಂದು ಸಲವಾದರೂ ಓಡಿಸಿ ಮುಗಿಸಲಿ, ಆಮೇಲೆ ನೋಡೋಣ ಅನ್ನಿ. ನಾನು ಈ ಕಸುಬಿನಲ್ಲಿದ್ದೂ ಯಾವ ಆಟವನ್ನೂ ಮುಂಗಡ ಕೊಟ್ಟು ಕೊಂಡಿಲ್ಲ. ಬಿಡುಗಡೆಯ ದಿನ ಸರ್ವರ್ ಬೀಳುವುದನ್ನು, ತಪ್ಪು ತಿದ್ದುವ ಮೊದಲ ಪ್ಯಾಚಿಗೆ ಕಾಯುವುದನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು, ನಿಮ್ಮ ಕಾರ್ಡಿನ ನಂಬರನ್ನು ಅವನ ಅಕೌಂಟಿನಲ್ಲಿ ಉಳಿಸಬೇಡಿ.

ಫೋರ್ಜಾ ಬೆಸ್ಟೋ, ಗ್ರ್ಯಾನ್ ಟುರಿಸ್ಮೊ ಬೆಸ್ಟೋ? (ಹನ್ನೊಂದು ಜನ ಕೇಳಿದ್ದಾರೆ)

ಮನೆಯಲ್ಲಿ ಯಾವ ಮಷೀನ್ ಇದೆಯೋ ಅದರದ್ದು.

ಅತಿ ವೇಗದ ಕಾರು ಯಾವುದು ಸರ್? (ಮಂಡ್ಯ)

ಟ್ಯೂನ್ ಮಾಡಿದರೆ ಯಾವುದು ಬೇಕಾದರೂ.

ಹೊರೈಜನ್ 4 ಕೊಳ್ಳೋಣ ಅಂತ ಹುಡುಕಿದರೆ ಸ್ಟೋರಿನಲ್ಲೇ ಇಲ್ಲ. ಒಬ್ಬರು ಟೆಲಿಗ್ರಾಂನಲ್ಲಿ ‘ಕೀ’ ಕೊಡುತ್ತೇನೆ ಅನ್ನುತ್ತಿದ್ದಾರೆ. (ಉಡುಪಿ)

ಕಾರುಗಳ ಲೈಸೆನ್ಸಿಗೂ ಅವಧಿ ಇರುತ್ತದೆ. ಅದು ಮುಗಿದರೆ ಆಟ ಮಾರುವಂತಿಲ್ಲ. ಹೊರೈಜನ್ 3 ಹೀಗೇ 2020ರಲ್ಲಿ ಸ್ಟೋರಿನಿಂದ ಹೋಯಿತು. ಹೊರೈಜನ್ 4 ಹೋದದ್ದು 2024ರ ಡಿಸೆಂಬರ್ 15ಕ್ಕೆ. ಮೊದಲೇ ಕೊಂಡವರು ಈಗಲೂ ಡೌನ್‌ಲೋಡ್ ಮಾಡಿ ಆಡಬಹುದು. ನೀವು ಕೊಂಡಿಲ್ಲ. ಡಿಸ್ಕ್ ಹಾಕುವ ಎಕ್ಸ್‌ಬಾಕ್ಸ್ ಇದ್ದರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಹುಡುಕಿ, ಕೈಗೆ ಬಂದ ಮೇಲೆ ದುಡ್ಡು ಕೊಡಿ. ಟೆಲಿಗ್ರಾಂನ ಆ ಮಹಾನುಭಾವರು ಕೊಡುವುದು ಯಾರದೋ ಅಕೌಂಟಿನ ಪಾಸ್‌ವರ್ಡ್. ಇವತ್ತು ನಿಮಗೆ ಮಾರಿದ್ದನ್ನು ನಾಳೆ ಇನ್ನೊಬ್ಬರಿಗೂ ಮಾರುತ್ತಾರೆ. ಅಡ್ವಾನ್ಸ್ ಕಳಿಸಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.